ಅನುಮಾನ ಉಳಿದಾಗಲೂ ಜೊತೆಗಿದ್ದವರಿಗೆ

ಈ ಸಲದ ರಕ್ತದ ವರದಿ ನೋಡಿ ಡಾಕ್ಟರು, "ಕಾಯಿಲೆ ಹತೋಟಿಗೆ ಬಂದಿದೆ, ಮಾತ್ರೆ ಮುಂದುವರಿಸೋಣ" ಅಂದರು. ಇಎಸ್‌ಆರ್, ಸಿಆರ್‌ಪಿ (ಮೈಯಲ್ಲಿ ಉರಿಯೂತ ಎಷ್ಟಿದೆ ಅಂತ ತೋರಿಸುವ ಪರೀಕ್ಷೆಗಳು) ಎರಡೂ ಇಳಿದಿವೆ. ಬೆರಳುಗಳ ಬಾವು ಹೋಗಿದೆ. ಅಂಗಿಯ ಗುಂಡಿಯನ್ನು ನಾನೇ ಹಾಕಿಕೊಳ್ಳುತ್ತಿದ್ದೇನೆ. ಈ ಸಂತೋಷದಲ್ಲಿ ತುಂಬಾ ಜನರ ಪಾಲಿದೆ. ಅವರಿಗೆಲ್ಲ ಥ್ಯಾಂಕ್ಸ್ ಹೇಳದೆ ಮನಸ್ಸು ಕೇಳುತ್ತಿಲ್ಲ.

ನನಗಿರುವುದು ರುಮಟಾಯ್ಡ್ ಆರ್ಥರೈಟಿಸ್ ಅನ್ನುವ ಸಂಧಿವಾತ. ವಯಸ್ಸಾಗಿ ಮಂಡಿ ಸವೆಯುತ್ತದಲ್ಲ, ಅದಲ್ಲ ಇದು. ನಮ್ಮ ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲುಗಳ ಒಳಪೊರೆಯ ಮೇಲೆ ಬೀಳುತ್ತದೆ. ಬೆಳಗ್ಗೆ ಎದ್ದರೆ ಎರಡೂ ಕೈಯ ಬೆರಳುಗಳು ಮಡಚಲು ಬರುತ್ತಿರಲಿಲ್ಲ. ಹಲ್ಲುಜ್ಜುವ ಬ್ರಷ್ ಹಿಡಿಯಲೂ ಕಷ್ಟ. ಇದರ ಜೊತೆಗೆ ಒಂದೇ ಒಂದು ಮಂಡಿ ಪದೇ ಪದೇ ಊದುತ್ತಿತ್ತು. ಹುಲ್ಲುಗಾವಲಿನಲ್ಲಿ ನಡೆದು ಬಂದ ಮೇಲೆ ಕಾಲಿನಲ್ಲಿ ಅಗಲವಾದ ಕೆಂಪು ಕಲೆ ಎದ್ದದ್ದೂ ನೆನಪಿತ್ತು. ಉಣ್ಣಿ ಕಡಿತದಿಂದ ಬರುವ ಲೈಮ್ ಕಾಯಿಲೆ ಇರಬಹುದೇ ಅನ್ನುವ ಪ್ರಶ್ನೆ ಅಲ್ಲಿಂದ ಶುರುವಾಯಿತು.

ಆ ಪ್ರಶ್ನೆಗೆ ಇವತ್ತಿಗೂ ಪೂರ್ತಿ ಉತ್ತರ ಸಿಕ್ಕಿಲ್ಲ. ಲೈಮ್‌ನ ರಕ್ತಪರೀಕ್ಷೆ ಹುಡುಕುವುದು ಪ್ರತಿಕಾಯಗಳನ್ನು, ಅಂದರೆ ಸೋಂಕಿನ ವಿರುದ್ಧ ಮೈ ತಯಾರಿಸುವ ಪ್ರೋಟೀನುಗಳನ್ನು. ಸಂಧಿವಾತ ಇರುವವರ ರಕ್ತದಲ್ಲಿ ರುಮಟಾಯ್ಡ್ ಫ್ಯಾಕ್ಟರ್ ಅನ್ನುವ ಬೇರೊಂದು ಪ್ರತಿಕಾಯ ಇದ್ದರೆ, ಲೈಮ್ ಇಲ್ಲದಿದ್ದರೂ ಆ ಪರೀಕ್ಷೆ "ಲೈಮ್ ಇದೆ" ಅಂತ ತೋರಿಸಬಹುದು. ನಿಜವಾಗಿ ಸೋಂಕು ತಗುಲಿದ್ದರೂ, ಅದು ಹಳೆಯದೋ ಹೊಸದೋ ಅಂತ ಆ ಪರೀಕ್ಷೆ ಹೇಳುವುದಿಲ್ಲ. ವಾಸಿಯಾದ ಮೇಲೂ ಪ್ರತಿಕಾಯಗಳು ವರ್ಷಗಟ್ಟಲೆ ಉಳಿಯಬಹುದು. ಇದನ್ನೆಲ್ಲ ನಮ್ಮ ರುಮಟಾಲಜಿಸ್ಟ್, ಅಂದರೆ ಸಂಧಿವಾತದ ಡಾಕ್ಟರು, ಕಾಗದದ ಮೇಲೆ ಚಿತ್ರ ಬರೆದು ಬಿಡಿಸಿ ಹೇಳಿದರು. "ಲೈಮ್ ಇದೆ ಅಂತಲೂ ಹೇಳಲಾರೆ, ಇಲ್ಲ ಅಂತಲೂ ಹೇಳಲಾರೆ. ಆದರೆ ಆ್ಯಂಟಿ-ಸಿಸಿಪಿ ಅನ್ನುವ, ರುಮಟಾಯ್ಡ್ ಸಂಧಿವಾತದ ಗುರುತಾದ ಪ್ರತಿಕಾಯ ಜಾಸ್ತಿ ಇದೆ, ಬೆರಳುಗಳೂ ಅದನ್ನೇ ಹೇಳುತ್ತಿವೆ. ಕೀಲು ಹಾಳಾಗುವವರೆಗೆ ಕಾಯುವುದು ಬೇಡ" ಅಂದರು. ಲೈಮ್ ಇದ್ದರೆ ಅಂತ ಮಂಡಿಗಾಗಿ 28 ದಿನ ಡಾಕ್ಸಿಸೈಕ್ಲಿನ್ ಅನ್ನುವ ಆ್ಯಂಟಿಬಯಾಟಿಕ್ ಕೊಟ್ಟರು. ಆಮೇಲೆ ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ಅನ್ನುವ ಮಾತ್ರೆ ಶುರು ಮಾಡಿದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದ ಆ ಮಾತೇ ನನಗೆ ಅತಿ ಹೆಚ್ಚು ಧೈರ್ಯ ಕೊಟ್ಟಿತು. ಡಾಕ್ಟರೇ, ನಿಮಗೆ ಕೈ ಮುಗಿಯುತ್ತೇನೆ.

ನಾನು ನೋಡಿಯೇ ಇರದ ಒಬ್ಬರಿಗೂ ಋಣಿ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಲೈಮ್ ಊರಿನ ಪಾಲಿ ಮರ್ರೆ. ಅಲ್ಲಿ ಸುತ್ತಮುತ್ತಲ ಅನೇಕ ಮಕ್ಕಳಿಗೆ ಕೀಲು ಊದಿ, ಮಕ್ಕಳ ಸಂಧಿವಾತ ಅಂತ ಹೆಸರಿಟ್ಟಿದ್ದರು. ಒಂದೇ ಕಡೆ ಇಷ್ಟು ಮಕ್ಕಳಿಗೆ ಹೇಗೆ ಅಂತ ಈ ತಾಯಿ ಬಿಡದೆ ಕೇಳಿದರು, 1975ರಲ್ಲಿ ಆರೋಗ್ಯ ಇಲಾಖೆಗೆ ತಿಳಿಸಿದರು. ಉಣ್ಣಿಯೊಳಗಿನ ಬ್ಯಾಕ್ಟೀರಿಯಾ ಈ ಲೈಮ್ ಕಾಯಿಲೆಗೆ ಕಾರಣ ಅನ್ನುವುದು 1982ರಲ್ಲಿ ಪ್ರಕಟವಾಯಿತು. ನನ್ನ ಮಂಡಿಯ ಬಗ್ಗೆ ಒಂದು ಪ್ರಶ್ನೆ ಕೇಳಲು ದಾರಿಯಾದದ್ದೇ ಅವರಿಂದ ಅಲ್ವಾ?

ಔಷಧಿ ಅಂಗಡಿಯ ಅಣ್ಣನಿಗೆ ವಿಶೇಷ ಧನ್ಯವಾದ. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ನುಂಗಬೇಕು. ಪ್ರತಿದಿನ ನುಂಗಿದರೆ ಪ್ರಾಣಕ್ಕೇ ಅಪಾಯ. ಅವರು ಪ್ರತಿ ಸಲವೂ ಪೊಟ್ಟಣದ ಮೇಲೆ ವಾರದ ಹೆಸರು ದಪ್ಪಗೆ ಬರೆದು, ನನ್ನ ಬಾಯಿಂದ ಒಮ್ಮೆ ಹೇಳಿಸಿಯೇ ಕೊಡುತ್ತಾರೆ. ಅದರ ಅಡ್ಡಪರಿಣಾಮ ತಗ್ಗಿಸುವ ಫೋಲಿಕ್ ಆ್ಯಸಿಡ್ ಮಾತ್ರೆ ಯಾವತ್ತು ಅಂತಲೂ ಕೇಳುತ್ತಾರೆ.

ಮನೆಯವರ ಬಗ್ಗೆ ಏನು ಹೇಳಲಿ. ಔಷಧಿಯ ಗುಣ ಕಾಣಲು ವಾರಗಳೇ ಬೇಕಾದವು. ಆ ದಿನಗಳಲ್ಲಿ ಅವರು ನಾನು ಕೇಳದೆಯೇ ಬಾಟಲಿಯ ಮುಚ್ಚಳ ಸಡಿಲ ಮಾಡಿ ಇಡುತ್ತಿದ್ದರು. ಅತ್ತೆ ನನ್ನ ಜಡೆ ಹೆಣೆದರು. ಊತ ಕಾಣದ ದಿನವೂ "ನೋವು ಎಷ್ಟಿದೆ?" ಅಂತ ಕೇಳಿದರೇ ಹೊರತು, "ಚೆನ್ನಾಗೇ ಇದ್ದೀಯಲ್ಲ" ಅನ್ನಲಿಲ್ಲ. ಆಫೀಸಿನ ಗೆಳತಿಯರು ಬೆಳಗಿನ ಮೀಟಿಂಗ್‌ಗಳನ್ನು ಮಧ್ಯಾಹ್ನಕ್ಕೆ ಹಾಕಿಸಿದರು.

ಮಾತ್ರೆಯಿಂದ ತೊಂದರೆ ಆಗಿಲ್ಲವೇ ಅಂತ ನೋಡುವ ಲಿವರ್ ಮತ್ತು ರಕ್ತಕಣಗಳ ಪರೀಕ್ಷೆ ಇನ್ನು ಮುಂದೆಯೂ ಇದ್ದೇ ಇರುತ್ತದೆ. ಊದಿದ ಕೈಯಲ್ಲೂ ನೋಯದಂತೆ ನರ ಹುಡುಕುವ ಲ್ಯಾಬಿನ ತಂಗಿ, ಮುಂದಿನ ಸಲ ಬಂದಾಗ ನಿಮಗೆ ಇದನ್ನು ಎದುರಿಗೇ ಹೇಳುತ್ತೇನೆ.