ಕೆಂಪು ಟೋಪಿಯವರೂ ಯೋಧರೇ

ಮಾನ್ಯರೇ,

ಕರ್ತವ್ಯದಲ್ಲಿದ್ದಾಗಲೇ ಪ್ರಾಣ ಕೊಟ್ಟ ಮಿಲಿಟರಿ ಪೊಲೀಸ್ (ಕೆಂಪು ಟೋಪಿ ತೊಡುವ, ಸೇನೆಯದೇ ಪೊಲೀಸ್ ಪಡೆ) ಅಧಿಕಾರಿಗೆ ಗೌರವ ಸಲ್ಲಿಸೋಣ ಅಂದರೆ, ನಮ್ಮ ಸಕಲೇಶಪುರದ ಕಡೆ ಕೆಲವರು ‘ಅವರು ಟ್ರಾಫಿಕ್ ನೋಡ್ಕೊಳ್ಳೋರು ಅಲ್ವಾ’ ಎಂದುಬಿಡುತ್ತಾರೆ. ಬೇಜಾರಾಗುತ್ತದೆ. ಯುದ್ಧದ ಹೊತ್ತಿನಲ್ಲಿ ಸೇತುವೆ ಬಳಿ, ರಸ್ತೆ ಕೂಡುವಲ್ಲಿ, ಕತ್ತಲಲ್ಲೂ ನಿಂತು ಸಾಲುಸಾಲು ಸೇನಾ ಲಾರಿಗಳನ್ನು ಮುಂದಕ್ಕೆ ಕಳಿಸುವವರು ಇವರೇ, ಶತ್ರು ಕಣ್ಣಿಡುವುದೂ ಅಂಥ ಜಾಗದ ಮೇಲೇ. ಸೆರೆಸಿಕ್ಕವರನ್ನು ಕಾಯುವುದು, ಸೇನೆಯೊಳಗಿನ ಶಿಸ್ತು ನೋಡುವುದು ಕೂಡ ಇವರ ಕೆಲಸ. ಇವರ ತರಬೇತಿ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲೇ. 2021ರಲ್ಲಿ ಸೇನೆಯ ಮೊದಲ ಮಹಿಳಾ ಜವಾನರ ತಂಡ ತರಬೇತಿ ಮುಗಿಸಿ ಹೊರಬಂದದ್ದೂ ಅಲ್ಲಿಂದಲೇ. ಇದು ಎಷ್ಟು ಜನರಿಗೆ ಗೊತ್ತು?

ಇನ್ನು ನಾವು ಗೌರವ ಕೊಡುವ ರೀತಿ. ಸರ್ಕಲ್‌ನಲ್ಲಿ ಒಂದು ಫ್ಲೆಕ್ಸ್ ಕಟ್ಟುತ್ತೇವೆ, ಅದರಲ್ಲಿ ತೀರಿಕೊಂಡವರ ಫೋಟೋಗಿಂತ ಶುಭ ಕೋರುವವರ ಹಾಗೆ ಕೈಮುಗಿದು ನಿಂತ ಮುಖಂಡರ ಫೋಟೋಗಳೇ ಜಾಸ್ತಿ, ಮಲೆನಾಡಿನ ಮಳೆ ಹಿಡಿದರೆ ಅದೂ ಹರಿದು ಕಂಬಕ್ಕೆ ಜೋತು ಬೀಳುತ್ತದೆ. ಸುಮ್ನೆ ದುಡ್ಡು ದಂಡ. ಅದರ ಬದಲು ಅವರು ಓದಿದ ಶಾಲೆಯ ಗೋಡೆಗೆ ಒಂದು ಕಲ್ಲು ಹಾಕಿಸಿ. ಹೆಸರು, ಊರು, ಯಾವ ಪಡೆ, ಏನು ಕೆಲಸ ಮಾಡುತ್ತಿದ್ದರು ಅನ್ನುವುದು ಕನ್ನಡದಲ್ಲಿರಲಿ. ‘ವೀರ ಯೋಧ’ ಅಂತಷ್ಟೇ ಬರೆದರೆ ಮಕ್ಕಳಿಗೆ ಏನೂ ತಿಳಿಯುವುದಿಲ್ಲ.

ಹಾಗೆಯೇ ಮನೆಯವರು ಪೆನ್ಷನ್ ಕಾಗದ ಹಿಡಿದು ಕಚೇರಿಗೆ ಹೋಗುವಾಗ ಪಂಚಾಯಿತಿಯಿಂದ ಒಬ್ಬರು ಜೊತೆಗೆ ಹೋಗಲಿ. ಮೆರವಣಿಗೆ ದಿನ ಬರುವ ಜನ ಆಮೇಲೆ ಆ ಕಡೆ ತಲೆ ಹಾಕುವುದಿಲ್ಲ.

– ಒಬ್ಬ ಓದುಗ, ಸಕಲೇಶಪುರ