ಸಾವಿರದಲ್ಲಿ ಒಬ್ಬರನ್ನು ನೋಡಿ ಉಳಿದವರಿಗೆ ನಿಯಮ ಬರೆಯಬೇಡಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ. ಮನವಿ ಕೊಟ್ಟು, ಸಭೆಗಳಲ್ಲಿ ಹೇಳಿ, 'ಪರಿಶೀಲಿಸುತ್ತೇವೆ' ಎಂಬ ಉತ್ತರ ಕೇಳಿ ಕೇಳಿ ವರ್ಷಗಳೇ ಕಳೆದವು. ಜನ ಕಾಯಿಲೆ ಎಂದು ಮೊದಲು ಬರುವ ಚಿಕಿತ್ಸಾಲಯಗಳ, ಅಂದರೆ ಪ್ರಾಥಮಿಕ ಆರೈಕೆಯ, ವೈದ್ಯರಾದ ನಾವು ಇನ್ನು ಎಲ್ಲರೆದುರೇ ಕೇಳುತ್ತೇವೆ. ಬೇಡಿಕೆ ಒಂದೇ: ಪ್ರಾಥಮಿಕ ಆರೈಕೆಗೆ ಬೇಕಾದ ಸಂಶೋಧನೆ ಪ್ರಾಥಮಿಕ ಆರೈಕೆಯಲ್ಲೇ ನಡೆಯಲಿ. ಅದಕ್ಕೆಂದು ಪ್ರತ್ಯೇಕ ಹಣ ಇಡಿ.

1961ರಲ್ಲಿ ಅಮೆರಿಕದ ವೈದ್ಯ-ಸಂಶೋಧಕ ಕೆರ್ ವೈಟ್ ಮತ್ತು ಸಂಗಡಿಗರು ಕೊಟ್ಟ ಲೆಕ್ಕ ನಿಮ್ಮ ಇಲಾಖೆಗೆ ತಿಳಿದೇ ಇರುತ್ತದೆ. ಸಾವಿರ ವಯಸ್ಕರಲ್ಲಿ ಒಂದು ತಿಂಗಳಲ್ಲಿ 750 ಮಂದಿಗೆ ಒಂದಲ್ಲ ಒಂದು ತೊಂದರೆ ಕಾಣಿಸುತ್ತದೆ. ವೈದ್ಯರ ಬಳಿ ಬರುವವರು 250. ಆಸ್ಪತ್ರೆಗೆ ದಾಖಲಾಗುವವರು 9. ವಿಶ್ವವಿದ್ಯಾಲಯದ ದೊಡ್ಡ ಆಸ್ಪತ್ರೆ ತಲುಪುವವರು ಒಬ್ಬರು. ಆ ಒಬ್ಬರನ್ನು ಅಧ್ಯಯನ ಮಾಡಿ ಬರೆದ ಮಾರ್ಗಸೂಚಿಯನ್ನು 250 ಮಂದಿಯನ್ನು ನೋಡುವ ವೈದ್ಯರ ಮೇಜಿಗೆ ಕಳಿಸುತ್ತೀರಿ. ಪಾಲಿಸದಿದ್ದರೆ ವಿವರಣೆಯನ್ನೂ ಕೇಳುತ್ತೀರಿ.

ಇದರಿಂದ ಏನು ಕೆಡುತ್ತದೆ ಎಂಬುದಕ್ಕೆ ಒಂದು ಲೆಕ್ಕ ಹಾಕಿ ನೋಡೋಣ. ಒಂದು ಪರೀಕ್ಷೆಯಿದೆ. ರೋಗವಿದ್ದ 100 ಮಂದಿಯಲ್ಲಿ 90 ಮಂದಿಯನ್ನು ಹಿಡಿಯುತ್ತದೆ, ರೋಗವಿಲ್ಲದ 100 ಮಂದಿಯಲ್ಲಿ 90 ಮಂದಿಗೆ 'ಇಲ್ಲ' ಎಂದು ಸರಿಯಾಗಿಯೇ ಹೇಳುತ್ತದೆ. ಆಗಲೇ ಸೋಸಿ ಕಳಿಸಿದವರೇ ತುಂಬಿರುವ ದೊಡ್ಡ ಆಸ್ಪತ್ರೆಯಲ್ಲಿ ಅರ್ಧದಷ್ಟು ಜನಕ್ಕೆ ಆ ರೋಗವಿದೆ ಎನ್ನೋಣ. ಅಲ್ಲಿ ಪಾಸಿಟಿವ್ ಬಂದ ನೂರರಲ್ಲಿ 90 ನಿಜ. ಅದೇ ಪರೀಕ್ಷೆಯನ್ನು ನೂರಕ್ಕೆ ಇಬ್ಬರಿಗಷ್ಟೇ ರೋಗವಿರುವ ಪ್ರಾಥಮಿಕ ಚಿಕಿತ್ಸಾಲಯಕ್ಕೆ ತನ್ನಿ. ಸಾವಿರದಲ್ಲಿ ರೋಗಿಗಳು 20, ಪರೀಕ್ಷೆ ಹಿಡಿಯುವುದು 18 ಮಂದಿಯನ್ನು. ಉಳಿದ 980 ಆರೋಗ್ಯವಂತರಲ್ಲಿ 98 ಮಂದಿಗೂ ಪಾಸಿಟಿವ್. ಅಂದರೆ 116 ಪಾಸಿಟಿವ್‌ಗಳಲ್ಲಿ ನಿಜವಾದದ್ದು 18 ಮಾತ್ರ. ಪರೀಕ್ಷೆ ಕೆಟ್ಟಿಲ್ಲ, ವೈದ್ಯರೂ ತಪ್ಪಿಲ್ಲ, ಜನ ಬೇರೆ. ಆದರೂ ಆ 98 ಮಂದಿ ಹೆದರಿ, ದೊಡ್ಡ ಆಸ್ಪತ್ರೆಗೆ ಕಳಿಸುವ ರೆಫರಲ್ ಚೀಟಿ ಹಿಡಿದು ಅಲೆಯುತ್ತಾರೆ. ಕೊನೆಗೆ 'ಅನಗತ್ಯ ರೆಫರಲ್ ಹೆಚ್ಚಾಗಿದೆ' ಎಂಬ ನೋಟಿಸು ಬರುವುದು ನಮಗೇ!

ಇನ್ನು ಒಂದಕ್ಕಿಂತ ಹೆಚ್ಚು ಕಾಯಿಲೆ ಇರುವವರ ಪಾಡು. 2005ರಲ್ಲಿ ಅಮೆರಿಕದ ಸಂಶೋಧಕರು 79 ವರ್ಷದ ಒಬ್ಬ ಕಾಲ್ಪನಿಕ ಅಜ್ಜಿಯನ್ನು ಮುಂದಿಟ್ಟುಕೊಂಡರು: ಸಕ್ಕರೆ ಕಾಯಿಲೆ, ಬಿಪಿ, ಶ್ವಾಸಕೋಶದ ಕಾಯಿಲೆ, ಮೂಳೆ ಟೊಳ್ಳು, ಕೀಲು ಸವೆತ. ಐದಕ್ಕೂ ಮಾರ್ಗಸೂಚಿಗಳನ್ನು ಚಾಚೂ ತಪ್ಪದೆ ಪಾಲಿಸಿದರೆ ಆಕೆಗೆ 12 ಬಗೆಯ ಔಷಧಿ. ಒಂದು ಕಾಯಿಲೆಯ ಮದ್ದು ಇನ್ನೊಂದನ್ನು ಕೆರಳಿಸುವ ಅಪಾಯ ಬೇರೆ. ಇಂಥ ಅಜ್ಜಿಯರು ನಮ್ಮ ಬಾಗಿಲಿಗೆ ದಿನವೂ ಬರುತ್ತಾರೆ. ಯಾವ ಮಾತ್ರೆ ನಿಲ್ಲಿಸಬೇಕು, ಯಾವುದನ್ನು ಮೊದಲು ಎಂದು ಕೇಳಿದರೆ ನಿಮ್ಮ ಯಾವ ಮಾರ್ಗಸೂಚಿಯಲ್ಲೂ ಉತ್ತರವಿಲ್ಲ. ಹೇಗೆ ಇದ್ದೀತು? ಅನೇಕ ಔಷಧಿ ಪ್ರಯೋಗಗಳು ಹಲವು ಕಾಯಿಲೆ ಇರುವವರನ್ನು ಮೊದಲೇ ಹೊರಗಿಡುತ್ತವೆ.

ಉತ್ತರ ಹುಡುಕುವುದಕ್ಕೆ ನಮ್ಮ ಬಳಿ ದಾಖಲೆಯೂ ಇಲ್ಲ. ಈಗಿನ ರಿಜಿಸ್ಟರಿನಲ್ಲಿರುವುದು 'ರೋಗದ ಹೆಸರು' ಎಂಬ ಕಾಲಂ. ಜನ ರೋಗದ ಹೆಸರು ಹೇಳಿಕೊಂಡು ಬರುವುದಿಲ್ಲ, ಸುಸ್ತು, ತಲೆಸುತ್ತು, ಸೊಂಟನೋವು ಎಂದು ಬರುತ್ತಾರೆ. ಅನೇಕ ಸಲ ಮೊದಲ ಭೇಟಿಯಲ್ಲಿ ಹೆಸರು ಸಿಗುವುದೂ ಇಲ್ಲ. ಕಾಲಂ ಖಾಲಿ ಬಿಡುವಂತಿಲ್ಲವಾದ್ದರಿಂದ ಏನೋ ಒಂದು ಬರೆಯಬೇಕು, ಆ ಏನೋ ಒಂದೇ ನಿಮ್ಮ ಅಂಕಿಅಂಶವಾಗುತ್ತದೆ. ಇದಕ್ಕೆ ಪರಿಹಾರ ಹೊಸದೇನಲ್ಲ. ಪ್ರಾಥಮಿಕ ಆರೈಕೆಗೆಂದೇ ಮಾಡಿದ ಐಸಿಪಿಸಿ ಎಂಬ ಅಂತರರಾಷ್ಟ್ರೀಯ ವರ್ಗೀಕರಣ 1987ರಿಂದ ಇದೆ. ಅದರ ಎರಡನೇ ಆವೃತ್ತಿಯಲ್ಲಿ ಸುಸ್ತಿಗೆ ಎ04 ಎಂಬ ಸಂಕೇತ. ಮುಂದಿನ ಭೇಟಿಯಲ್ಲಿ ಕಬ್ಬಿಣದ ಕೊರತೆಯ ರಕ್ತಹೀನತೆ ಎಂದು ಗೊತ್ತಾದರೆ ಬಿ80, ಥೈರಾಯ್ಡ್ ಕೊರತೆಯಾದರೆ ಟಿ86. ಮುಖ್ಯವಾದ ಮಾತು, ಮೊದಲು ಬರೆದ ಎ04 ಅಳಿಸಬಾರದು. ಎರಡನ್ನೂ ಒಂದೇ ಪ್ರಕರಣವಾಗಿ ಪೋಣಿಸಬೇಕು. ಅಳಿಸಿದರೆ, ಸುಸ್ತು ಎಂದು ಬಂದ ನೂರು ಮಂದಿಯಲ್ಲಿ ಎಷ್ಟು ಮಂದಿಗೆ ರಕ್ತಹೀನತೆ, ಎಷ್ಟು ಮಂದಿ ತಾವಾಗಿಯೇ ಸುಧಾರಿಸಿದರು ಎಂಬುದು ಯಾರಿಗೂ ತಿಳಿಯದೆ ಹೋಗುತ್ತದೆ. ನಮಗೆ ಬೇಕಾದದ್ದು ಅದೇ ಲೆಕ್ಕ.

ಜೊತೆಗೆ ಪ್ರತಿ ವೈದ್ಯರಿಗೂ ಇಂತಿಷ್ಟು ಜನ ಎಂಬ ನೋಂದಣಿ ಪಟ್ಟಿ ಬೇಕು. ಒಟ್ಟು ಎಷ್ಟು ಜನ ಎಂದೇ ಗೊತ್ತಿಲ್ಲದೆ ಎಷ್ಟರಲ್ಲಿ ಎಷ್ಟು ಎಂದು ಹೇಳುವುದು ಹೇಗೆ? ವೈದ್ಯರನ್ನು ಪದೇ ಪದೇ ವರ್ಗ ಮಾಡುವುದೂ ನಿಲ್ಲಬೇಕು. ನಾರ್ವೆಯಲ್ಲಿ ಒಬ್ಬರೇ ಕುಟುಂಬ ವೈದ್ಯರ ಬಳಿ 15 ವರ್ಷಕ್ಕೂ ಹೆಚ್ಚು ಕಾಲ ಉಳಿದವರಲ್ಲಿ ಸಾವಿನ ಪ್ರಮಾಣ, ಮೊದಲ ವರ್ಷದವರಿಗಿಂತ ಸುಮಾರು ಶೇ. 25 ಕಡಿಮೆ ಇದ್ದುದನ್ನು 2022ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಅದು ವೈದ್ಯರ ಕಾರಣಕ್ಕೇ ಎಂದು ಅಷ್ಟರಿಂದಲೇ ಸಾಬೀತಾಗದು, ನಿಜ. ಆದರೆ ನಮ್ಮಲ್ಲಿ ಪರೀಕ್ಷಿಸಿ ನೋಡುವುದಕ್ಕೂ ವೈದ್ಯರು ಒಂದು ಕಡೆ ನಿಲ್ಲಬೇಕಲ್ಲ!

ಮತ್ತೆ ಕೇಳುತ್ತೇವೆ: ಪ್ರಾಥಮಿಕ ಆರೈಕೆಯ ಸಂಶೋಧನೆ ಪ್ರಾಥಮಿಕ ಆರೈಕೆಯಲ್ಲೇ ನಡೆಯಲಿ, ಅದಕ್ಕೆ ಬೇರೆಯೇ ಹಣ ಇರಲಿ, ಅದನ್ನು ಹಂಚುವ ಸಮಿತಿಯಲ್ಲಿ ಕುಟುಂಬ ವೈದ್ಯರು ಕೂರಲಿ. ಹಣಕ್ಕೆ ಮುಂದಿನ ಬಜೆಟ್ ಬೇಕೆನ್ನುವಿರಾದರೆ, ರಿಜಿಸ್ಟರಿನಲ್ಲಿ 'ಬಂದ ಕಾರಣ' ಎಂಬ ಕಾಲಂ ಸೇರಿಸಲು ಒಂದು ಸುತ್ತೋಲೆ ಸಾಕು. ಅದನ್ನು ಈ ತಿಂಗಳೇ ಹೊರಡಿಸಿ.

ಇಂತಿ,
ಪ್ರಾಥಮಿಕ ಆರೈಕೆಯ ವೈದ್ಯರು