ಟಿಪ್ಪಣಿಯ ಸಾಧನ ಆರಿಸುವ ಮುನ್ನ

ವಿಜಯಪುರ

ಪ್ರಿಯ ತಂಗಿ,

1876–78ರ ಬರಗಾಲವನ್ನು ಕುರಿತು ನೀನು ಬರೆಯಹೊರಟಿರುವ ಲೇಖನಮಾಲೆಗಾಗಿ ಅಂತರ್ಜಾಲದಲ್ಲಿ ಓದಿದ್ದಕ್ಕೆ ಗುರುತು ಹಾಕಿ ಟಿಪ್ಪಣಿ ಬರೆದಿಡಲು ಯಾವ ಸಾಧನ ಒಳ್ಳೆಯದು ಎಂದು ಕೇಳಿದ್ದೀಯ. ಹೆಸರುಗಳಿಗಿಂತ ಮೊದಲು ಒಂದು ಪರೀಕ್ಷೆಯನ್ನು ಹೇಳುತ್ತೇನೆ. ನಿನ್ನ ಟಿಪ್ಪಣಿ, ಅದು ಯಾವ ಮಾತನ್ನು ಕುರಿತದ್ದೋ ಆ ಮೂಲ ವಾಕ್ಯ, ಪುಟದ ವಿಳಾಸ, ಓದಿದ ದಿನಾಂಕ, ಈ ನಾಲ್ಕೂ ಒಟ್ಟಾಗಿ ಆ ಸಾಧನದಿಂದ ಹೊರಬಂದು ನಿನ್ನ ಕಂಪ್ಯೂಟರಿನಲ್ಲಿ ಸಾದಾ ಫೈಲಾಗಿ ತೆರೆದುಕೊಳ್ಳಬೇಕು. ಹಾಗೆ ಬರದಿದ್ದರೆ ಉಳಿದ ಸೌಲಭ್ಯ ಎಷ್ಟೇ ಇರಲಿ, ಅದನ್ನು ಬಿಟ್ಟುಬಿಡು. ಲೇಖನಗಳನ್ನು ಆಮೇಲೆ ಓದಲು ಉಳಿಸಿಡುವುದಕ್ಕೆ ಬಹಳ ಜನ ನೆಚ್ಚಿಕೊಂಡಿದ್ದ ಪಾಕೆಟ್ ಸೇವೆಯನ್ನು ಮೊಜಿಲ್ಲಾ 2025ರ ಜುಲೈ 8ರಂದು ನಿಲ್ಲಿಸಿತು. ಅಂಥದ್ದೇ ಇನ್ನೊಂದು ಸೇವೆಯಾದ ಆಮ್ನಿವೋರ್ ಅದಕ್ಕೂ ಮೊದಲೇ, 2024ರ ನವೆಂಬರಿನಲ್ಲಿ ಮುಚ್ಚಿತ್ತು. ನಿನ್ನ ಕೆಲಸವಾದರೋ ವರ್ಷಗಟ್ಟಲೆ ನಡೆಯುವಂಥದ್ದು.

ಎರಡನೆಯ ಪರೀಕ್ಷೆ ಕನ್ನಡದ್ದು, ಇದನ್ನು ಬೇರೆಯವರು ನಿನಗೆ ಹೇಳಲಾರರು. ನುಡಿಯಂಥ ಹಳೆಯ ಕನ್ನಡ ಬೆರಳಚ್ಚು ತಂತ್ರಾಂಶದ, ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತ) ಅಲ್ಲದ ಅಕ್ಷರಗಳಲ್ಲಿ ಸಿದ್ಧವಾದ ಪಿಡಿಎಫ್‌ನಿಂದ ಒಂದು ಸಾಲನ್ನು ಗುರುತಿಸಿದರೆ, ತೆರೆಯ ಮೇಲೆ ಕನ್ನಡ ಕಂಡರೂ ಟಿಪ್ಪಣಿಯೊಳಗೆ ಸಂಗ್ರಹವಾಗುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಆ ಸಾಲನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿ ತಿದ್ದಿಕೊಳ್ಳಬೇಕು, ಇಲ್ಲವೇ ಕೈಯಾರೆ ಮತ್ತೆ ಬೆರಳಚ್ಚಿಸಿಕೊಳ್ಳಬೇಕು. ಸ್ಕ್ಯಾನ್ ಮಾಡಿದ ಪುಸ್ತಕಗಳಲ್ಲಿ ಎಷ್ಟೋ ಬರಿಯ ಚಿತ್ರಗಳು. ಅವುಗಳಲ್ಲಿ ಸಾಲು ಹಿಡಿಯಲು ಬರುವುದೇ ಇಲ್ಲ. ಆದ್ದರಿಂದ ಪುಟದ ಒಂದು ಭಾಗವನ್ನು ಚೌಕ ಹಾಕಿ ಚಿತ್ರವಾಗಿಯೇ ಟಿಪ್ಪಣಿಗೆ ಸೇರಿಸುವ ಅನುಕೂಲ ಇರುವ ಸಾಧನವೇ ನಿನಗೆ ಬೇಕು.

ಓದಿದ ಮೂಲಗಳನ್ನೂ ಅವುಗಳ ಟಿಪ್ಪಣಿಗಳನ್ನೂ ಒಂದೆಡೆ ಸಂಗ್ರಹಿಸಿಡುವ ಝೊಟೆರೋದಲ್ಲಿ ಈ ಅನುಕೂಲವಿದೆ. 2006ರಲ್ಲಿ ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸ ಕೇಂದ್ರದಿಂದ ಹೊರಬಂದ ಇದು ಉಚಿತ ಮತ್ತು ಮುಕ್ತ ತಂತ್ರಾಂಶ. ಜಾಲಪುಟದ ಪ್ರತಿಯನ್ನೇ ನಿನ್ನ ಯಂತ್ರದಲ್ಲಿ ಇಟ್ಟುಕೊಳ್ಳುತ್ತದೆ, ಏಳನೆಯ ಆವೃತ್ತಿಯಿಂದ ಆ ಪ್ರತಿಯ ಮೇಲೂ ಗುರುತು ಹಾಕಬಹುದು. ಅವರ ಸರ್ವರಿನಲ್ಲಿ ಫೈಲುಗಳಿಗೆ ಉಚಿತವಾಗಿ ಸಿಗುವ ಜಾಗ 300 ಎಂಬಿ ಮಾತ್ರ, ಸ್ಕ್ಯಾನ್ ಪುಸ್ತಕಗಳಿಗೆ ಅದು ಸಾಲದು. ಫೈಲುಗಳನ್ನು ನಿನ್ನ ಬಳಿಯೇ ಇಟ್ಟುಕೊಂಡು ಬೇರೊಂದು ಡಿಸ್ಕಿನಲ್ಲಿ ಪ್ರತಿ ತೆಗೆದಿಡು. ಗುರುತುಗಳು ಪಿಡಿಎಫ್‌ನೊಳಗೆ ಅಲ್ಲ, ಝೊಟೆರೋದ ದತ್ತಸಂಚಯದಲ್ಲಿ ಇರುತ್ತವೆ ಎಂಬುದೂ ನೆನಪಿರಲಿ. ಯಾರಿಗಾದರೂ ಗುರುತುಸಹಿತ ಪ್ರತಿ ಕೊಡಬೇಕಾದರೆ ಅದನ್ನು ಪ್ರತ್ಯೇಕವಾಗಿ ರಫ್ತು ಮಾಡಬೇಕು.

ನಿನ್ನ ಗೆಳತಿ ಸೂಚಿಸಿದ ಹೈಪೋಥಿಸಿಸ್ ಬೇರೆ ಜಾತಿಯದು. ಅದು ಜಾಲಪುಟದ ಮೇಲೆಯೇ ಟಿಪ್ಪಣಿ ಬರೆಯಲು ಬಿಡುತ್ತದೆ. ನೀನು ಗುರುತಿಸಿದ ವಾಕ್ಯವನ್ನೂ ಅದರ ಹಿಂದುಮುಂದಿನ ಕೆಲವು ಅಕ್ಷರಗಳನ್ನೂ ಉಳಿಸಿಕೊಂಡು, ಪುಟ ಸ್ವಲ್ಪ ಬದಲಾದರೂ ಆ ಜಾಗವನ್ನು ಹುಡುಕಿಕೊಳ್ಳುತ್ತದೆ. ಪುಟವೇ ಪೂರ್ತಿ ಬದಲಾದರೆ ಟಿಪ್ಪಣಿ ಅನಾಥವಾಗುತ್ತದೆ. ಗೆಳೆಯರೆಲ್ಲ ಕೂಡಿ ಒಂದೇ ಲೇಖನ ಓದುವುದಕ್ಕೆ ಇದು ಬಹಳ ಚೆನ್ನ. ಆದರೆ ಅಲ್ಲಿ ‘ಸಾರ್ವಜನಿಕ’ ಎಂದು ಪ್ರಕಟಿಸಿದ ಟಿಪ್ಪಣಿ ಸಿಸಿ ಝೀರೋ ನಿಯಮದಡಿ ಎಲ್ಲರ ಸೊತ್ತಾಗುತ್ತದೆ, ಯಾರು ಬೇಕಾದರೂ ನಿನ್ನ ಹೆಸರಿಲ್ಲದೆಯೂ ಬಳಸಬಹುದು. ಇನ್ನೂ ಬರೆಯದ ಲೇಖನದ ವಿಚಾರಗಳನ್ನೂ, ಹಳ್ಳಿಯ ಹಿರಿಯರು ನಿನ್ನನ್ನು ನಂಬಿ ಹೇಳಿದ ಮನೆತನದ ಸಂಗತಿಗಳನ್ನೂ ಅಲ್ಲಿ ಬಿಚ್ಚಿಡಬೇಡ.

ನಿನ್ನ ಕೆಲಸಕ್ಕೆ ಝೊಟೆರೋ ಇರಲಿ ಎಂಬುದು ನನ್ನ ಅಭಿಪ್ರಾಯ. ಆದರೂ ಯಾವ ಸಾಧನವೂ ಮಾಡಿಕೊಡದ ಕೆಲಸಗಳಿವೆ. ಆ ಬರಗಾಲದ ದಿನಗಳಲ್ಲಿ ನಮ್ಮದು ಕಲಾದಗಿ ಜಿಲ್ಲೆ. ಆಮೇಲಿನ ಬರಹಗಳಲ್ಲಿ ಬಿಜಾಪುರ, ವಿಜಾಪುರ, 2014ರ ನಂತರ ವಿಜಯಪುರ. ಒಂದು ಹೆಸರಿನಿಂದ ಹುಡುಕಿದರೆ ಉಳಿದವು ಸಿಗುವುದಿಲ್ಲವಾದ್ದರಿಂದ, ಊರು, ವರ್ಷ, ವಿಷಯ ಈ ಮೂರಕ್ಕೆ ನೀನೇ ಒಂದೊಂದು ಟ್ಯಾಗ್ (ಹುಡುಕಲು ಅಂಟಿಸುವ ಗುರುತುಪದ) ನಿಶ್ಚಯಿಸಿಕೊಂಡು ಕಡೆಯವರೆಗೂ ಅದನ್ನೇ ಬಳಸು. 1884ರ ಬಿಜಾಪುರ ಗ್ಯಾಝೆಟಿಯರ್‌ನಂಥ (ಜಿಲ್ಲೆಯ ವಿವರಗಳ ಸರ್ಕಾರಿ ಗ್ರಂಥ) ಸ್ಕ್ಯಾನ್ ಪ್ರತಿಯನ್ನು ಓದುವಾಗ ತೆರೆಯ ಮೇಲಿನ ಪುಟಸಂಖ್ಯೆಗೂ ಪುಸ್ತಕದಲ್ಲಿ ಅಚ್ಚಾದ ಪುಟಸಂಖ್ಯೆಗೂ ಹೊಂದಿಕೆ ಇರುವುದಿಲ್ಲ, ಅಚ್ಚಾದದ್ದನ್ನೇ ಬರೆದುಕೋ. ಮೂಲದ ಮಾತು ಸದಾ ಉದ್ಧರಣ ಚಿಹ್ನೆಯೊಳಗೆ ಇರಲಿ, ನಿನ್ನ ಮಾತು ಬೇರೆ ಸಾಲಿನಲ್ಲಿರಲಿ. ಇವು ಬೆರೆತುಹೋದರೆ, ಕೆಲವು ತಿಂಗಳ ನಂತರ ಇನ್ನೊಬ್ಬರ ವಾಕ್ಯವನ್ನು ನಿನ್ನದೆಂದು ಪ್ರಾಮಾಣಿಕವಾಗಿಯೇ ಅಚ್ಚಿಗೆ ಕಳಿಸುವ ಅಪಾಯವಿದೆ. ಹಳದಿ ಗೆರೆಯೊಂದನ್ನೇ ಎಳೆದು ಮುಂದೆ ಹೋಗಬೇಡ. ಈ ಸಾಲನ್ನು ಏಕೆ ಹಿಡಿದೆ ಎಂಬುದನ್ನು ಒಂದು ಪೂರ್ಣ ವಾಕ್ಯದಲ್ಲಿ ಆಗಲೇ ಬರೆ. ಹಾಗೆ ಬರೆದ ವಾಕ್ಯಗಳೇ ಎಷ್ಟೋ ಸಲ ಲೇಖನದ ಮೊದಲ ಕರಡಾಗುತ್ತವೆ.

ಮೊದಲು ಒಂದೇ ಅಧ್ಯಾಯವನ್ನು ಹೀಗೆ ಓದಿ, ಟಿಪ್ಪಣಿಗಳನ್ನು ರಫ್ತು ಮಾಡಿ ನನಗೆ ಕಳಿಸು. ಕನ್ನಡ ಸರಿಯಾಗಿ ಬಂದಿದೆಯೇ, ಪುಟಸಂಖ್ಯೆಗಳು ತಾಳೆಯಾಗುತ್ತವೆಯೇ ಎಂದು ನಾನೂ ನೋಡುತ್ತೇನೆ.

ನಿನ್ನ ಹಿತೈಷಿ